ಒನ್ ಬೈ ತ್ರೀ ಸರ್

ಮೊನ್ನೆ ಬುಧವಾರ ಮಧ್ಯಾಹ್ನ ನನ್ನ ಮೊಬೈಲಿಗೆ ಒಂದರ ಹಿಂದೊಂದು ಎರಡು ಸಂದೇಶಗಳು ಬಂದವು. ಆಗಷ್ಟೇ ತಿಂದು ಮುಗಿಸಿದ್ದ ಮೊಸರನ್ನಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಮೊದಲನೆಯದು ಕೇಳಿತ್ತು. ಎರಡನೆಯದು ನಮ್ಮ ಕಾಲೇಜಿನದು. ಅಧ್ಯಾಪಕರಿಗೆ ನಕ್ಷತ್ರ ಕೊಡುವ ಫಾರ್ಮ್ ವಿದ್ಯಾರ್ಥಿಗಳಿಗಾಗಿ ತೆರೆದಿದೆ, ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ ಎಂದಿತ್ತು. ಮೊಸರನ್ನ ಸ್ವಲ್ಪ ಹುಳಿಯಾಗಿತ್ತು. ಆದರೂ ಐದು ಕೊಟ್ಟೆ. ನನ್ನ ಸ್ಥಿತಿಯಲ್ಲಿರುವವರು ಇನ್ನೊಬ್ಬರ ನಕ್ಷತ್ರಕ್ಕೆ ಕೈ ಹಾಕಬಾರದು.

ನಾನು ತಮಿಳು ಸೀಮೆಯ ಅಂಬತ್ತೂರಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಕಲಿಸುತ್ತೇನೆ ಎಂಬುದು ನನ್ನ ಅಭಿಪ್ರಾಯ. ಕಾಲೇಜಿನ ಅಭಿಪ್ರಾಯ ಪ್ರತಿ ಸೆಮಿಸ್ಟರಿನ ಕೊನೆಗೆ ಈ ಫಾರ್ಮಿನಿಂದ ಗೊತ್ತಾಗುತ್ತದೆ. ಸತತವಾಗಿ ಎರಡು ಸಲ ನಾಲ್ಕು ನಕ್ಷತ್ರಕ್ಕಿಂತ ಕಡಿಮೆ ಬಂದವರ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ. ಕಳೆದ ಸಲ ನನಗೆ ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದಿತ್ತು. ವಿಭಾಗದ ಮುಖ್ಯಸ್ಥರು ಕರೆಸಿ, ತರಗತಿಯಲ್ಲಿ ಇನ್ನೂ ಸ್ವಲ್ಪ ನಗಬೇಕೆಂದು ಸಲಹೆ ಕೊಟ್ಟರು. ಅಂದಿನಿಂದ ಕಲನಶಾಸ್ತ್ರವನ್ನು ನಗುನಗುತ್ತಲೇ ಹೇಳಿಕೊಡುತ್ತಿದ್ದೇನೆ. ಮೊದಲ ಬೆಂಚಿನ ಹುಡುಗಿಯರು ಹೆದರಿದಂತೆ ಕಾಣುತ್ತಾರೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ಮಧ್ಯಾಹ್ನ ಶುಕ್ರವಾರ ಬೆಳಗಿನ ಟೆಸ್ಟಿಗೆ ಉತ್ತರ ಬರೆದಿಡುತ್ತಾ ಕೂತಿದ್ದಾಗ, ಮಂಗಳವಾರ ಬೋರ್ಡಿನ ಮೇಲೆ ಮಾಡಿದ ಲೆಕ್ಕದಲ್ಲಿ ಮೂರನೇ ಸಾಲಿಗೇ ಒಂದು ಮೈನಸ್ ಗುರುತು ಬಿಟ್ಟಿದ್ದೆನೆಂದು ಗೊತ್ತಾಯಿತು. ಅಲ್ಲಿಂದ ಕೆಳಗೆ ಎಲ್ಲವೂ ತಪ್ಪು. ಅರವತ್ತು ತಲೆಗಳಲ್ಲಿ ಒಂದೂ ಅಲ್ಲಾಡಿರಲಿಲ್ಲ. ಟೆಸ್ಟಿನಲ್ಲಿ ಅದೇ ಬಗೆಯ ಲೆಕ್ಕಕ್ಕೆ ಹತ್ತು ಅಂಕ ಇಟ್ಟಿದ್ದೆ.

ಪಕ್ಕದ ಮೇಜಿನ ಕಲೈವಾಣಿಗೆ ಹೇಳಿದೆ. ಅವಳಿಗೆ ನಕ್ಷತ್ರದ ಚಿಂತೆಯಿಲ್ಲ, ಯಾವಾಗಲೂ ನಾಲ್ಕೂವರೆಯ ಮೇಲೆ.

"ಫಾರ್ಮ್ ಮುಡಿಯಟ್ಟುಂ, ಅಪ್ಪುರಂ ಸೊಲ್ಲು," ಎಂದಳು. ಫಾರ್ಮ್ ಮುಗಿಯಲಿ, ಆಮೇಲೆ ಹೇಳು ಎಂದು.

ಫಾರ್ಮ್ ಮುಚ್ಚುವುದು ಸಂಜೆ, ಟೆಸ್ಟ್ ಇರುವುದು ಬೆಳಿಗ್ಗೆ ಎಂದೆ. ಅವಳು ಚಹಾ ಕುಡಿಯುತ್ತಾ ಯೋಚಿಸಿ ಎರಡನೇ ದಾರಿ ತೋರಿಸಿದಳು. ನಾಳೆ ತರಗತಿಗೆ ಹೋಗಿ, ನೀವು ಎಚ್ಚರವಾಗಿದ್ದೀರಾ ಎಂದು ನೋಡಲಿಕ್ಕೆ ಬೇಕಂತಲೇ ತಪ್ಪು ಮಾಡಿದ್ದೆ ಎಂದು ಹೇಳುವುದು. ಓದುಗರೇ, ನಿಮ್ಮ ಮೇಷ್ಟ್ರೂ ಒಂದಲ್ಲ ಒಂದು ದಿನ ಈ ಮಾತು ಹೇಳಿರುತ್ತಾರೆ, ನೀವೂ ನಂಬಿರುತ್ತೀರಿ. ಒಳಗಿನವಳಾಗಿ ಹೇಳುತ್ತಿದ್ದೇನೆ, ಈ ಲೋಕದಲ್ಲಿ ಯಾವ ಮೇಷ್ಟ್ರೂ ಬೇಕಂತಲೇ ತಪ್ಪು ಮಾಡಿಲ್ಲ.

ನಿಜ ಹೇಳಬೇಕೆಂದರೆ ಆ ದಾರಿ ನನಗೆ ಬಹಳ ಹಿಡಿಸಿತು. ಫಾರ್ಮಿನ ಮೊದಲ ಪ್ರಶ್ನೆಯೇ 'ಅಧ್ಯಾಪಕರಿಗೆ ವಿಷಯದ ಮೇಲೆ ಹಿಡಿತವಿದೆಯೇ?' ಎಂಬುದು. ಹಿಡಿತ ತಪ್ಪಿತು ಎಂದು ನಾನೇ ಹೋಗಿ ಸಾರಿದರೆ ಯಾರು ನಾಲ್ಕು ಕೊಡುತ್ತಾರೆ? ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಗುರುಪಾದಯ್ಯ ಸರ್ ನೆನಪಾದರು. ಅವರನ್ನು ಮರೆಯಲು ನಾನು ಬಹಳ ವರ್ಷ ಶ್ರಮಪಟ್ಟಿದ್ದೇನೆ.

ನಮ್ಮದು ಗದಗಿನ ಕಡೆಯ ಮನೆತನ. ಸೀರೆ ವ್ಯಾಪಾರಕ್ಕೆಂದು ಅಜ್ಜ ಇಲ್ಲಿನ ಸೌಕಾರ್‌ಪೇಟೆಗೆ ಬಂದವರು ಅಲ್ಲೇ ನಿಂತರು. ನಾನು ಓದಿದ್ದು ನಮ್ಮವರೇ ಸೇರಿ ನಡೆಸುತ್ತಿದ್ದ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು ಕನ್ನಡದಲ್ಲಿ ಕೇಳುತ್ತಿದ್ದರು, ನಾವು ತಮಿಳಿನಲ್ಲಿ ಉತ್ತರಿಸುತ್ತಿದ್ದೆವು, ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು. ಯಾರಿಗೂ ಇದರಲ್ಲಿ ವಿಚಿತ್ರ ಕಾಣುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಕಣ್ಣಿಗೆ ಶ್ರೇಷ್ಠ ಗುರುವೆಂದರೆ ವಿಜ್ಞಾನದ ಮನೋಹರ್ ಸರ್. ಐದು ನಿಮಿಷ ತಡವಾಗಿ ಬಂದು ಐದು ನಿಮಿಷ ಮೊದಲೇ ಬಿಡುತ್ತಿದ್ದರು. ಕಪ್ಪು ಕನ್ನಡಕ ಹಾಕಿ ಸ್ಕೂಟರಿನಲ್ಲಿ ಬರುತ್ತಿದ್ದರು. ಗೈಡ್ ಹಿಡಿದು ಕಾಮಾ, ಫುಲ್‌ಸ್ಟಾಪ್ ಸಮೇತ ನೋಟ್ಸ್ ಹೇಳುತ್ತಿದ್ದರು. ಅವರ ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ತಾಗಿದ್ದನ್ನು ನಾನು ಕಂಡಿಲ್ಲ. ನವೆಂಬರಿನಲ್ಲಿ ಮಳೆ ಹಿಡಿದರೆ ಶಾಲೆಗೆ ರಜೆಯೋ ಇಲ್ಲವೋ ಎಂಬುದನ್ನು ಕಲೆಕ್ಟರ್ ಸಾಹೇಬರಿಗಿಂತ ಮೊದಲು ಹೇಳುವವರು ಅವರೇ. ಹತ್ತರಲ್ಲಿ ಆರು ಸಲ ಸುಳ್ಳಾಗುತ್ತಿತ್ತು. ಆದರೆ ರಜೆಯ ವಿಷಯದಲ್ಲಿ ವಿದ್ಯಾರ್ಥಿಗಳಷ್ಟು ಉದಾರಿಗಳು ಯಾರೂ ಇಲ್ಲ, ಬರೀ ಆಸೆ ಹುಟ್ಟಿಸಿದವರನ್ನೂ ಪ್ರೀತಿಸುತ್ತಾರೆ.

ಗುರುಪಾದಯ್ಯ ಸರ್ ಲೆಕ್ಕದ ಮೇಷ್ಟ್ರು, ನಂಜನಗೂಡಿನ ಕಡೆಯವರು. ಹಣೆಯ ತುಂಬ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ವಿಭೂತಿ ಎಷ್ಟು, ಸೀಮೆಸುಣ್ಣ ಎಷ್ಟು ಎಂದು ಹೇಳುವುದು ಕಷ್ಟವಾಗುತ್ತಿತ್ತು. ಸಣ್ಣ ದನಿ. ಬೋರ್ಡಿನ ಈ ಮೂಲೆಯಿಂದ ಆ ಮೂಲೆಯವರೆಗೆ ಬರೆದು, ಪ್ರತಿ ಸಾಲಿಗೂ ಹಿಂದಿರುಗಿ "ಗೊತ್ತಾಯ್ತಾ?" ಎಂದು ಕೇಳುವರು. ನಾವು ಒಕ್ಕೊರಲಿನಿಂದ ಆಯಿತು ಎನ್ನುವೆವು. ಅವರು ನಂಬದೆ ಇನ್ನೊಮ್ಮೆ ಹೇಳುವರು. ನಮಗೆ ಅವರ ಮೇಲಿದ್ದ ಸಿಟ್ಟಿಗೆ ಇದೇ ಮುಖ್ಯ ಕಾರಣ.

ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ಸೋಮವಾರ ಗಣಿತ. ಶನಿವಾರ ಕೊನೆಯ ಪಾಠದಲ್ಲಿ ಸರ್ ಶಂಕುವಿನ ಘನಫಲದ ಲೆಕ್ಕ ಮಾಡಿಸಿದರು. ಐಸ್‌ಕ್ರೀಮಿನ ಕೋನ್ ಇರುತ್ತದಲ್ಲ, ಅದೇ ಆಕಾರ. ಅದರಲ್ಲಿ ಎಲ್ಲ ಗುಣಿಸಿದ ಮೇಲೆ ಕೊನೆಗೆ ಮೂರರಿಂದ ಭಾಗಿಸಬೇಕು. ಅಂದು ಅವರಿಗೆ ಏನಾಗಿತ್ತೋ, ನಾಲ್ಕು ಲೆಕ್ಕಗಳಲ್ಲೂ ಅದನ್ನು ಮರೆತರು. ನಾವು ಮೂವತ್ತನಾಲ್ಕು ಜನ ಶ್ರದ್ಧೆಯಿಂದ ಬರೆದುಕೊಂಡು ಮನೆಗೆ ಹೋದೆವು.

ಭಾನುವಾರ ಹನ್ನೊಂದು ಗಂಟೆಗೆ ಬಾಲ್ಕನಿಯಲ್ಲಿ ಕೂದಲು ಒಣಗಿಸುತ್ತಾ ನಿಂತಿದ್ದೆ. ಕೆಳಗೆ ಓಣಿಯಲ್ಲಿ ಗುರುಪಾದಯ್ಯ ಸರ್ ನಮ್ಮ ಮನೆ ಎಲ್ಲಿ ಎಂದು ಅಂಗಡಿಯವನನ್ನು ವಿಚಾರಿಸುತ್ತಿದ್ದರು. ಆಗ ಮೇಷ್ಟ್ರು ಮನೆಗೆ ಬರುವುದೆಂದರೆ ಎರಡೇ ಕಾರಣ: ಮಗಳ ಮದುವೆಯ ಕರೆಯೋಲೆ, ಇಲ್ಲವೇ ನಮ್ಮ ಮೇಲೆ ದೂರು. ಸರ್‌ಗೆ ಮಕ್ಕಳಿರಲಿಲ್ಲ.

ನಮ್ಮ ಮನೆ ಮೂರನೇ ಮಹಡಿ, ಕಡಿದಾದ ಮೆಟ್ಟಿಲು. ಅವರು ಹತ್ತುವಷ್ಟರಲ್ಲಿ ನಾನೇ ಒಪ್ಪಿಕೊಂಡುಬಿಟ್ಟರೆ ಏಟು ಕಡಿಮೆಯಾದೀತೆಂದು ಒಳಗೆ ಓಡಿದೆ.

"ಅಪ್ಪಾ, ಪ್ರೋಗ್ರೆಸ್ ರಿಪೋರ್ಟಿಗೆ ನಿನ್ನ ಸಹಿ ನಾನ ಹಾಕೀನಿ."

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎಷ್ಟು ಸಲ?" ಎಂದ ಅಪ್ಪ.

"ಎರಡು. ಮತ್ತ, ಆವತ್ತು ಹೊಟ್ಟಿನೋವು ಅಂತ ರಜಾ ಹಾಕಿದ್ದೂ ಸುಳ್ಳು."

ಅಪ್ಪ ನನ್ನ ಕಿವಿ ಹಿಂಡುತ್ತಿರುವಾಗಲೇ ಬಾಗಿಲಲ್ಲಿ ಸರ್ ಏದುಸಿರು ಬಿಡುತ್ತಾ ನಿಂತಿದ್ದರು. ಅಪ್ಪ ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕುರ್ಚಿ ತೋರಿಸಿದ.

"ಬರ್ರಿ ಸರ್, ಕೂಡ್ರಿ. ಎಲ್ಲಾ ಗೊತ್ತಾತು, ಇಕಿನ ಬಾಯಿ ಬಿಟ್ಟಾಳ. ನೀವು ಏನು ಶಿಕ್ಷಾ ಕೊಡ್ತೀರಿ ಕೊಡ್ರಿ, ನಾ ಅಡ್ಡ ಬರಂಗಿಲ್ಲ."

ಸರ್ ಕಕ್ಕಾಬಿಕ್ಕಿಯಾದರು. "ಮಗೂದೇನೂ ತಪ್ಪಿಲ್ಲ ಸ್ವಾಮಿ. ತಪ್ಪು ನಂದು. ನಿನ್ನೆ ಲೆಕ್ಕ ತಪ್ಪಾಗಿ ಮಾಡಿಸ್ಬಿಟ್ಟೆ, ನಾಳೆ ಪರೀಕ್ಷೆ. ಇವಳ ನೋಟ್‌ಬುಕ್ ಒಂದ್ನಿಮಿಷ ಕೊಡಿಸಿ, ತೊಂದ್ರೆ ಅಂತ ತಿಳ್ಕೋಬೇಡಿ."

ನೋಟ್‌ಬುಕ್ಕಿನಲ್ಲಿ ನಾಲ್ಕೂ ಉತ್ತರಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸರಿಪಡಿಸಿದರು. ಅಂಚಿನಲ್ಲಿ 'ತಪ್ಪು ನನ್ನದು' ಎಂದು ಬರೆದು, ಕೆಳಗೆ ಸಹಿ ಮಾಡಿ ತಾರೀಕು ಹಾಕಿದರು. ಹೊಸದೊಂದು ಲೆಕ್ಕ ಕೊಟ್ಟು, ಕೆಂಪಾದ ಕಿವಿಯ ನನ್ನಿಂದ ಅದನ್ನು ಮಾಡಿಸಿ, "ಗೊತ್ತಾಯ್ತಾ?" ಎಂದು ಕೇಳಿದರು. ಅವ್ವ ಊಟಕ್ಕೆ ಏಳಲು ಹೇಳಿದರೆ ಬರೀ ನೀರು ಕುಡಿದರು.

"ಇನ್ನೂ ಇಪ್ಪತ್ಮೂರು ಮನೆ ಇದೆ ತಾಯಿ. ಒಂದಂತೂ ಪಲ್ಲಾವರಂ, ಟ್ರೈನ್ ಹಿಡೀಬೇಕು."

ಅವರು ಮೆಟ್ಟಿಲಿಳಿಯುತ್ತಿದ್ದಂತೆ ಅಪ್ಪ ನೋಟ್‌ಬುಕ್ಕಿನ ಅಂಚನ್ನು ಓದಿ ದೊಡ್ಡದಾಗಿ ನಕ್ಕ. "ಮಾಸ್ತರಗ ಬರಂಗಿಲ್ಲ ಅಂದ್ರ ಹುಡುಗರು ಏನು ಕಲೀಬೇಕು?" ಎಂದ. ನನ್ನ ಕಳ್ಳ ಸಹಿಗೆ ಕಿವಿ ಹಿಂಡಿದವನಿಗೆ ಸರ್ ಹಾಕಿದ ನಿಜವಾದ ಸಹಿ ನಗೆ ತರಿಸಿತು. ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಇಳಿಯಿತು. ಅಪ್ಪನ ಮಾತು ಅವರಿಗೆ ಕೇಳಿಸಿತ್ತೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಾನೂ ನಕ್ಕೆ.

ಸೋಮವಾರದ ಪರೀಕ್ಷೆಯಲ್ಲಿ ಶಂಕು ಬರಲೇ ಇಲ್ಲ. ಸುಮ್ಮನೆ ನಮ್ಮ ಭಾನುವಾರ ಹಾಳು ಮಾಡಿದರೆಂದು ಇಡೀ ತರಗತಿ ಕುದಿಯಿತು. ಆ ಕುದಿಯಲ್ಲಿ ಅವರಿಗೆ 'ಒನ್ ಬೈ ತ್ರೀ ಸರ್' ಎಂಬ ಹೆಸರು ಬಿತ್ತು. ಒನ್ ಬೈ ಟೂ ಕಾಫಿ ಕುಡಿದು ಬೆಳೆದ ನಮ್ಮವರ ನಾಲಿಗೆಗೆ ಅದು ಚೆನ್ನಾಗಿ ಹೊಂದಿತು. ನಮ್ಮ ಮುಂದಿನ ಬ್ಯಾಚುಗಳಿಗೂ ದಾಟಿತಂತೆ. ಹೆಸರಿಟ್ಟವಳು ನಾನು. ಆ ಶಾಲೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಬಾಳಿಕೆ ಬಂದದ್ದು ಅದೊಂದೇ.

ಆಮೇಲೆ ಪೋಷಕರ ಸಭೆ ನಡೆಯಿತು. ತಪ್ಪು ಮಾಡುವ ಮೇಷ್ಟ್ರನ್ನು ಹತ್ತನೇ ತರಗತಿಗೆ ಇಡಬಾರದೆಂದು ಅಪ್ಪನೂ ಇನ್ನು ಕೆಲವರೂ ಒತ್ತಾಯಿಸಿದರು. ತಪ್ಪಾಗಿತ್ತೆಂದು ಇವರಿಗೆಲ್ಲ ಗೊತ್ತಾದದ್ದೇ ಅವರು ಮನೆ ಮನೆಗೆ ಬಂದು ಹೇಳಿದ್ದರಿಂದ ಎಂಬುದು ಯಾರಿಗೂ ಹೊಳೆಯಲಿಲ್ಲ. ಜನವರಿಯಿಂದ ಸರ್‌ಗೆ ಆರನೇ ತರಗತಿ ಕೊಟ್ಟರು.

ಬೀಳ್ಕೊಡುಗೆಯ ದಿನ ಮೆಚ್ಚಿನ ಶಿಕ್ಷಕ ಯಾರೆಂದು ಚೀಟಿಯಲ್ಲಿ ಬರೆಯಿಸಿದರು. ಹೆಸರಿನ ಕೆಳಗೆ ಕಾರಣವನ್ನೂ ಬರೆಯಬೇಕು. ಎಣಿಸಲು ಲೆಕ್ಕದ ಮೇಷ್ಟ್ರೇ ಸರಿ ಎಂದು ಹೆಡ್‌ಮಾಸ್ಟರು ಗುರುಪಾದಯ್ಯ ಸರ್ ಅವರನ್ನು ಕರೆಸಿದರು. ಅವರು ಬೋರ್ಡಿನ ಮೇಲೆ ಎಲ್ಲ ಶಿಕ್ಷಕರ ಹೆಸರನ್ನೂ ಬರೆದರು, ತಮ್ಮದನ್ನು ಕೊನೆಗೆ. ಒಂದೊಂದೇ ಚೀಟಿ ಬಿಡಿಸಿ ಹೆಸರನ್ನೂ ಕಾರಣವನ್ನೂ ಓದುತ್ತಾ ಗೆರೆ ಎಳೆಯುತ್ತಾ ಹೋದರು. ನನ್ನ ಚೀಟಿಯೂ ಬಂತು. "ಮನೋಹರ್ ಸರ್. ಕಾರಣ, ಒಂದು ದಿನವೂ ತಪ್ಪು ಮಾಡಿಲ್ಲ," ಎಂದು ಓದಿದರು. ಎರಡು ವರ್ಷ ನನ್ನ ನೋಟ್‌ಬುಕ್ ತಿದ್ದಿದವರಿಗೆ ನನ್ನ ಅಕ್ಷರ ಗೊತ್ತಿರಲಿಲ್ಲವೇ? ದನಿ ಏರಲಿಲ್ಲ, ಇಳಿಯಲಿಲ್ಲ. ಮನೋಹರ್ ಸರ್ ಹೆಸರಿನ ಮುಂದೆ ಇನ್ನೊಂದು ಗೆರೆ ಎಳೆದರು. ಕೊನೆಗೆ ತಮ್ಮ ಹೆಸರಿನ ಮುಂದೆ ದುಂಡಗೆ ಒಂದು ಸೊನ್ನೆ ಬರೆದು, ಒಟ್ಟು ಸರಿಯಾಗಿದೆಯೇ ಎಂದು ಮತ್ತೊಮ್ಮೆ ಕೂಡಿ ನೋಡಿದರು.

ನಾನು ಬರೆದ ಕಾರಣ ಅಕ್ಷರಶಃ ನಿಜವಾಗಿತ್ತು. ಬೋರ್ಡಿನ ಹತ್ತಿರವೇ ಸುಳಿಯದವರು ತಪ್ಪು ಮಾಡುವುದಾದರೂ ಎಲ್ಲಿ? ಇದು ತಿಳಿಯಲು ನಾನೇ ಮೇಷ್ಟ್ರಾಗಬೇಕಾಯಿತು. ಸರ್ ನಿವೃತ್ತರಾಗಿ ಊರಿಗೆ ಹೋದರೆಂದು ಯಾರೋ ಹೇಳಿದಾಗ ಒಂದು ಪತ್ರ ಬರೆಯಬೇಕೆಂದುಕೊಂಡೆ. ಹೇಗೆ ಶುರು ಮಾಡಬೇಕೆಂದು ತೋಚದೆ ಬಿಟ್ಟೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ತರಗತಿಗೆ ಹೋದೆ. ನಗಲು ಆಗಲಿಲ್ಲ. ಮಂಗಳವಾರದ ಲೆಕ್ಕವನ್ನು ಮೂರನೇ ಸಾಲಿನವರೆಗೆ ಬರೆದು ನಿಲ್ಲಿಸಿ, ಇಲ್ಲಿ ನಾನು ತಪ್ಪು ಮಾಡಿದೆ ಎಂದೆ. ಬೇಕಂತಲೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನನ್ನೆದುರು ಇದ್ದದ್ದು ಒಂದೇ ಕೋಣೆ, ಒಂದೇ ಸಲ ಹೇಳಿದರೆ ಮುಗಿಯಿತು. ಅಪ್ಪನ ನಗು ಕೇಳಿಸಿಕೊಂಡ ಮೇಲೂ ಗುರುಪಾದಯ್ಯ ಸರ್ ಇನ್ನೂ ಇಪ್ಪತ್ತಮೂರು ಬಾಗಿಲು ತಟ್ಟಿದ್ದರು. ಅದು ಎಂಥ ಕೆಲಸವೆಂದು ಆಗ ಗೊತ್ತಾಯಿತು, ಕಣ್ಣು ತುಂಬಿ ಬಂದು ಬೋರ್ಡಿನ ಕಡೆ ತಿರುಗಿದೆ.

ಹಿಂದಿನ ಬೆಂಚಿನಿಂದ ಒಬ್ಬ ಸಮಾಧಾನ ಹೇಳಿದ. "ಪರವಾ ಇಲ್ಲ ಮೇಡಂ, ನಾಂಗ ಅದ ಎಳುದವೇ ಇಲ್ಲ." ನಾವು ಅದನ್ನು ಬರೆದುಕೊಂಡೇ ಇಲ್ಲ ಎಂದು. ಇಡೀ ತರಗತಿ ನಕ್ಕಿತು. ಇನ್ನೊಬ್ಬ ಎದ್ದು ನಿಂತು, ನಾಳೆ ಮಾರ್ಕು ಯಾವುದಕ್ಕೆ, ಹಳೆಯದಕ್ಕೋ ಹೊಸದಕ್ಕೋ ಎಂದು ಕೇಳಿದ. ಸರಿಯಾದದ್ದಕ್ಕೆ ಎಂದೆ. ಅವನ ಮುಖ ನೋಡಿದರೆ ಅದು ಯಾವುದೆಂದು ಇನ್ನೂ ತೀರ್ಮಾನವಾದಂತಿರಲಿಲ್ಲ. ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿಸಿದೆ.

ಪಾಠ ಮುಗಿದ ಮೇಲೆ ಅದೇ ತರಗತಿಯ ಅನುಷಾ ಎಂಬ ಹುಡುಗಿ ಮೇಜಿನ ಹತ್ತಿರ ಬಂದಳು. ಅವಳ ತಂದೆ ಕುಂದಾಪುರದ ಕಡೆಯವರು, ಇಲ್ಲಿ ಹೋಟೆಲು ನಡೆಸುತ್ತಾರೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ, ನನಗೆ ನನ್ನದೇ ಶಾಲೆಯ ನೆನಪಾಗುತ್ತದೆ.

"ಮೇಡಂ, ಫಾರ್ಮ್ ಒರು ವಾಟ್ಟಿ ಸಬ್ಮಿಟ್ ಪಣ್ಣಿಟ್ಟಾ, ತಿರುಂಬ ಮಾತ್ತ ಮುಡಿಯುಮಾ?" ಎಂದಳು. ಒಮ್ಮೆ ಕಳಿಸಿದ ಫಾರ್ಮನ್ನು ಮತ್ತೆ ಬದಲಾಯಿಸಬಹುದೇ ಎಂದು. ಅವಳು ಅದನ್ನು ಬುಧವಾರವೇ ತುಂಬಿಬಿಟ್ಟಿದ್ದಳಂತೆ.

ಬದಲಾಯಿಸಬಹುದು ಎಂದು ನನಗೆ ಗೊತ್ತಿತ್ತು. ಏರಿಸುವುದಕ್ಕೋ ಇಳಿಸುವುದಕ್ಕೋ ಎಂಬುದು ಗೊತ್ತಿರಲಿಲ್ಲ. ಆಗುವುದಿಲ್ಲ ಎಂದಿದ್ದರೆ ನಂಬಿಕೊಂಡು ಹೋಗಿಬಿಡುತ್ತಿದ್ದಳು.

"ಮಾಡಬಹುದವಾ. ನಾಳೆ ಸಂಜಿ ಐದರ ತನಕ ಟೈಮ್ ಅದ," ಎಂದೆ.

ಎಲ್ಲಿ ಒತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ. ಫೋನನ್ನು ನನ್ನ ಕೈಗೇ ಕೊಟ್ಟಳು. ಅವಳು ಎಷ್ಟು ಕೊಟ್ಟಿದ್ದಾಳೆಂದು ನನ್ನ ಕಣ್ಣಿಗೆ ಬೀಳದ ಹಾಗೆ ಹೆಬ್ಬೆರಳನ್ನು ಅಡ್ಡ ಇಟ್ಟುಕೊಂಡು, ಇಲ್ಲಿ ಒತ್ತು ಎಂದು ತೋರಿಸಿಕೊಟ್ಟೆ.