ಐಲ್ಸಾ ಅವರ ಬಣ್ಣದ ಹಲಗೆ

ಡಬ್ಲಿನ್ನಿನಿಂದ ಬೆಳಿಗ್ಗೆಯ ರೈಲು ಹಿಡಿದೆ. ಅಲ್ಲಿನ ಬ್ಯೂಮಾಂಟ್ ಬಡಾವಣೆಯಲ್ಲಿರುವ ಮಗಳು ಟಿಕೆಟ್ಟನ್ನು ಫೋನಿಗೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟಿದ್ದಳು. ಎರಡು ಗಂಟೆ ಚಿಲ್ಲರೆ ದಾರಿ, ಉದ್ದಕ್ಕೂ ಜಿಟಿಜಿಟಿ ಮಳೆ. ವಾಟರ್‌ಫರ್ಡ್ ನಿಲ್ದಾಣಕ್ಕೆ ತಂಗಿಯ ಮಗಳು ಶೋಭಾ ಬಂದಿದ್ದಳು. ಅಲ್ಲಿ ನರ್ಸಾಗಿರುವ ಅವಳು ಐಲ್ಸಾ ಎಂಬ ವೃದ್ಧ ಕಲಾವಿದೆಯ ಮನೆಯ ಮಹಡಿಯಲ್ಲಿದ್ದಾಳೆ. ಮೈಸೂರಿನ ಶಾಲೆಯಲ್ಲಿ ಮೂವತ್ತಾರು ವರ್ಷ ಜಲವರ್ಣ ಕಲಿಸಿದ ನಾನು ಎಣ್ಣೆಬಣ್ಣದವರ ಕೆಲಸ ನೋಡಲು ಹೊರಟಿದ್ದೆ.

ಬಸ್ಸಿನಲ್ಲಿ ಶೋಭಾ ಐಲ್ಸಾ ಅವರ ವಿಷಯ ಹೇಳಿದಳು. ಹುಟ್ಟಿದ್ದು ಸ್ಕಾಟ್ಲೆಂಡಿನ ಮೀನುಬಂದರಿನಲ್ಲಿ. ಅಕ್ಕ ಜೀನ್ ಮೀನು ಸೀಳುವ ಕೆಲಸ ಮಾಡಿ ತಂಗಿಯನ್ನು ಕಲಾಶಾಲೆಗೆ ಕಳಿಸಿದಳು. ಮದುವೆಯಾಗಿ ಐರ್ಲೆಂಡಿಗೆ ಬಂದ ಐಲ್ಸಾ ಐವತ್ತು ವರ್ಷ ಬಂದರಿನ ಹೆಂಗಸರನ್ನೇ ಬರೆದರು. ಮೊದಮೊದಲು ಪ್ರದರ್ಶನಗಳಲ್ಲಿ ಅವರ ಚಿತ್ರಗಳನ್ನು ಬಾಗಿಲ ಹಿಂದೆ ತೂಗುಹಾಕುತ್ತಿದ್ದರಂತೆ. ಹೆಸರು ಬರುವ ಹೊತ್ತಿಗೆ ಗಂಡ ತೀರಿಕೊಂಡರು, ಕಣ್ಣು ಮಂಜಾಯಿತು.

"ತೀರಿಹೋದ ಅಕ್ಕನ್ನ ಈಗ ಬರೀತಿದ್ದಾರೆ ದೊಡ್ಡಮ್ಮ. ಒಂದು ಫೋಟೋನೂ ಇಲ್ಲ, ಎಲ್ಲಾ ನೆನಪಿಂದ. ಚಳಿಗಾಲಕ್ಕೆ ಕಣ್ಣು ಪೂರ್ತಿ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಕೆನ್ನೆ ಒಂದು ಬಾಕಿ."

ನಾವು ಹೋದಾಗ ಐಲ್ಸಾ ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಶೋಭಾ ಚಹಾ ಕೊಟ್ಟು ಡ್ಯೂಟಿಗೆ ಹೋದಳು. ಮೇಜಿನ ಮೇಲೆ ಬಣ್ಣ ಕಲಸುವ ಹಲಗೆ ಗಲೀಜಾಗಿ ಬಿದ್ದಿತ್ತು. ಗಂಟೆ ಹೊಡೆಯುವ ಮೊದಲು ಹಲಗೆ ಸ್ವಚ್ಛವಾಗಿರಬೇಕೆಂಬುದು ನನ್ನ ತರಗತಿಯ ನಿಯಮ. ಸಹಾಯವಾಗಲಿ ಎಂದು ಟರ್ಪೆಂಟೈನ್ ಸುರಿದು, ಚಿಂದಿಯಿಂದ ಉಜ್ಜಿ ತೊಳೆದಿಟ್ಟೆ.

ಐಲ್ಸಾ ಎದ್ದು ಹಲಗೆಯನ್ನು ಕಣ್ಣಿನ ಹತ್ತಿರ ಹಿಡಿದರು. ಬೆರಳಿಂದ ಸವರಿದರು.

"ನನ್ನ ಬಣ್ಣ ಎಲ್ಲಿ?"

ಹೇಳಿದೆ.

"ಎಣ್ಣೆಬಣ್ಣ ಎರಡು ದಿನವಾದರೂ ಹಸಿ ಇರುತ್ತದೆ. ನಾವು ತೊಳೆಯುವುದಿಲ್ಲ," ಎಂದರು ಮೆಲ್ಲಗೆ. "ಚಳಿಗಾಳಿಗೆ ಬಿರಿದ ಕೆನ್ನೆಯ ಬಣ್ಣ. ವಾರವೆಲ್ಲ ಹುಡುಕಿ ಈ ಬೆಳಿಗ್ಗೆ ಸಿಕ್ಕಿತ್ತು."

ಬೆಳಕಿರುವ ತನಕ ನಾನು ಕಲಸಿದೆ.

"ಇದಾ?"

"ಅಲ್ಲ."

"ಇನ್ನಷ್ಟು ಕೆಂಪು?"

"ಗೊತ್ತಾಗುತ್ತಿಲ್ಲ."

ಬಣ್ಣ ಬೆರೆಸುವುದು ನನಗೆ ಗೊತ್ತಿತ್ತು. ಆ ಮುಖ ಕಂಡವರು ಅವರೊಬ್ಬರೇ.

ಸಂಜೆ ಬಂದ ಶೋಭಾ ತಲೆ ಚಚ್ಚಿಕೊಂಡಳು. "ಬೆಲ್ ಹೊಡೆಯೋ ಮುಂಚೆ ತೊಳೆದಿಡಕ್ಕೆ ಇದೇನು ನಿಮ್ಮ ಸ್ಕೂಲಾ ದೊಡ್ಡಮ್ಮ?"

ಮಾರನೆಯ ಬೆಳಿಗ್ಗೆಯೂ ಪ್ರಯತ್ನಿಸಿದೆವು. ಐಲ್ಸಾ ಕಣ್ಣು ಕಿರಿದು ಮಾಡಿ ನೋಡಿದರು, ಕುಂಚ ಕೆಳಗಿಟ್ಟರು. ನಾನು ಕ್ಷಮೆ ಕೇಳಿದಾಗ, "ಗ್ರ್ಯಾಂಡ್, ಗ್ರ್ಯಾಂಡ್," ಎಂದರು. ಪರವಾಗಿಲ್ಲ ಎನ್ನಲು ಇಲ್ಲಿ ಎಲ್ಲರೂ ಹೇಳುವ ಮಾತು. ಆಮೇಲೆ ಹಲಗೆಯನ್ನು ನನ್ನತ್ತ ಚಾಚಿದರು.

"ತೊಳೆದುಬಿಡಿ. ಇನ್ನು ಬೇಕಾಗುವುದಿಲ್ಲ."

ತೊಳೆದೆ. ಮಧ್ಯಾಹ್ನದ ರೈಲಿಗೆ ಹೊರಟು ಗೇಟಿನಲ್ಲಿ ತಿರುಗಿ ನೋಡಿದೆ. ಕಿಟಕಿಯೊಳಗೆ ಜೀನ್ ಇದ್ದಳು: ತಲೆಗೆ ಕಟ್ಟಿದ ಬಟ್ಟೆ, ಕಣ್ಣು, ಗದ್ದ. ಕೆನ್ನೆಯ ಜಾಗದಲ್ಲಿ ಬರೀ ಕ್ಯಾನ್ವಾಸು. ಪಕ್ಕದಲ್ಲಿ ಹಲಗೆ, ನನ್ನ ಯಾವ ವಿದ್ಯಾರ್ಥಿಯೂ ತೊಳೆಯದಷ್ಟು ಸ್ವಚ್ಛವಾಗಿತ್ತು.