ನೆಲಕ್ಕೂರಿದ ಒಂದು ಕಾಲು

ಬೆಸಗರಹಳ್ಳಿ ಕಡೆಯ ನಮ್ಮೂರಿಗೆ ಬೆಳಿಗ್ಗೆ ಬರುವುದು ಒಂದೇ ಬಸ್ಸು. ಮದ್ದೂರಿಗೆ ಸೊಪ್ಪು ಮಾರಲು ಹೋಗುತ್ತಿದ್ದ ಅಜ್ಜಿಯೊಬ್ಬಳು ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹತ್ತುತ್ತಿದ್ದಳು. ಕುಕ್ಕೆಯನ್ನು ಒಳಗೆ ತಳ್ಳಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲಕ್ಕೂರಿ ನಿಂತುಬಿಟ್ಟರೆ ಡ್ರೈವರು ಬಸ್ಸು ಬಿಡುವಂತಿರಲಿಲ್ಲ. ಕಂಡಕ್ಟರು ಬೈದರೂ ಕಾಲೆತ್ತುತ್ತಿರಲಿಲ್ಲ.

“ಇನ್ನೊಬ್ರು ಬತ್ತಾವ್ರೆ, ತಡಿಯಪ್ಪ.”

ಊರಲ್ಲಿ ಜನ ಕಡಿಮೆ, ಬಸ್ಸು ನಿಲ್ಲಿಸಿಬಿಡುತ್ತಾರಂತೆ ಎಂಬ ಸುದ್ದಿ ಆಗಾಗ ಹಬ್ಬುತ್ತಿತ್ತು. “ಜನ ಅವ್ರೆ ಕಣಪ್ಪ, ನಿಧಾನುಕ್ಕೆ ಬತ್ತಾರೆ ಅಷ್ಟೆ,” ಎನ್ನುತ್ತಿದ್ದಳು.

ಉಬ್ಬಸ ಹೆಚ್ಚಾದ ಒಂದು ಬೆಳಿಗ್ಗೆ ಸೊಸೆ ಅವಳನ್ನು ಆಸ್ಪತ್ರೆಗೆಂದು ಅದೇ ಬಸ್ಸು ಹತ್ತಿಸಿದಳು. ಬಸ್ಸು ಹೊರಟಿತ್ತು. ಕಿಟಕಿಗೆ ಒರಗಿದ್ದ ಅಜ್ಜಿಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಯಾರೋ ಓಡಿಬರುವುದು ಕಂಡಿತು. ಕೈ ಎತ್ತಿದಳು.

“ಇನ್ನೊಬ್ರು...”

“ಸುಮ್ಕಿರತ್ತೆ, ನಿನ್ ಜೀವಾನೇ ಓಯ್ತಾ ಅದೆ!” ಸೊಸೆ ರೇಗಿದಳು.

ಡ್ರೈವರು ಬಸ್ಸು ನಿಲ್ಲಿಸಿದ. ಓಡಿಬಂದವನು ಹತ್ತಿದ ಮೇಲೆಯೇ ಅಜ್ಜಿ ಕೈ ಇಳಿಸಿದ್ದು. ಮದ್ದೂರಿನಿಂದ ಅವಳು ಜೀವಂತವಾಗಿ ಮರಳಲಿಲ್ಲ.

ತಿಥಿ ಕಳೆದ ಮೇಲೆ ಸೊಸೆಯೇ ಸೊಪ್ಪಿನ ಕುಕ್ಕೆ ಹೊತ್ತು ಬಂದಳು. ನಾವೆಲ್ಲ ಹತ್ತಿ ಕೂತಾಗಿತ್ತು. ಅವಳು ಕುಕ್ಕೆಯನ್ನು ಒಳಗೆ ತಳ್ಳಿ, ಒಂದು ಕಾಲನ್ನು ನೆಲಕ್ಕೂರಿ, ಊರಿನ ಕಡೆಗೆ ತಿರುಗಿ ನಿಂತಳು.

“ಇನ್ನೊಬ್ರು ಬತ್ತಾವ್ರೆ, ತಡಿಯಣ್ಣ.”

ರಸ್ತೆಯಲ್ಲಿ ಯಾರೂ ಇರಲಿಲ್ಲ. ಡ್ರೈವರು ಎಂಜಿನ್ ಆರಿಸಿದ.