ಬಾಕಿ ಉಳಿದ ಒಡಪು

ಮೊನ್ನೆ ತಂಗಿಯ ಸೊಸೆ ತಂದುಕೊಟ್ಟ ಕೈಮಗ್ಗದ ಸೀರೆಯನ್ನು ಮೊದಲ ಸಲ ನೀರಿಗೆ ಹಾಕಿದೆ. ಬಕೆಟ್ಟಿನ ನೀರು ಬೆಳ್ಳಗಾಗಿ, ಗಂಜಿಯ ಹುಳಿ ವಾಸನೆ ಬಚ್ಚಲ ತುಂಬ ಹರಡಿತು. ಸೀರೆ ಹಿಂಡುವುದನ್ನು ಬಿಟ್ಟು ಮಣೆಯ ಮೇಲೆ ಕುಳಿತುಬಿಟ್ಟೆ. ರಾಮದುರ್ಗದ ನೇಕಾರರ ಓಣಿಗೆ ಇದೇ ವಾಸನೆ ಇತ್ತು. ನನ್ನ ವೈನಿಯ ಸೆರಗಿಗೂ ಇತ್ತು…

ವೈನಿ ಎಂದರೆ ಅಣ್ಣನ ಹೆಂಡತಿಯಲ್ಲ, ಪಕ್ಕದ ಮನೆಯವರು. ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದಿಂದ ವರ್ಗವಾಗಿ ರಾಮದುರ್ಗದ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಹೋದಾಗ ನನಗೆ ಸಿಕ್ಕಿದ್ದು ಒಂದೇ ಖೋಲಿ. ಅದಕ್ಕೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಅವರ ಗಂಡ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಬೆಳಿಗ್ಗೆ ಲಾಳಿ ಓಡುವ ಸದ್ದಿಗೇ ನನಗೆ ಎಚ್ಚರ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಆ ಸದ್ದಿಲ್ಲದೆ ಚಹಾ ಕುದಿಸಲೂ ಕೈ ಬರುತ್ತಿರಲಿಲ್ಲ.

ವೈನಿ ರಾಟೆಯ ಮುಂದೆ ಕೂತು ಲಾಳಿಯ ನೂಲನ್ನು ಕಂಡಿಕೆಗೆ ಸುತ್ತುವವರು. ಕೈ ನೂಲಿನಲ್ಲಿ, ಬಾಯಿ ಒಡಪಿನಲ್ಲಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮದುವೆ, ಕುಬುಸದಂಥ ಕಾರ್ಯದಲ್ಲಿ ಮಾತ್ರ ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಿದ್ದರು. ಅದೇ ಒಡಪು. ಹೆಸರು ಕೂಡಿಸಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು ಎಂಬುದು ಆ ಓಣಿಯ ನೇಮ. ಬದನೆಕಾಯಿ ಕೊಟ್ಟರೆ ಬದನೆಕಾಯಿಗೆ, ಚಿಮಣಿ ಕೊಟ್ಟರೆ ಚಿಮಣಿಗೆ, ವೈನಿ ನಿಂತ ಕಾಲಲ್ಲಿ ಒಡಪು ಕಟ್ಟುತ್ತಿದ್ದರು. ಮದುವೆಯಾಗದ ನನ್ನನ್ನು ಕಂಡಾಗಲೆಲ್ಲ ಒಂದೇ ಚೇಷ್ಟೆ.

"ಅಕ್ಕೋರ, ನಿಮ್ಮದೊಂದು ಒಡಪು ಬಾಕಿ ಐತ್ರಿ. ನಾ ಕೇಳೇ ಸಾಯಾಕಿ."

ಆ ನಗುವಿನ ಹಿಂದೆ ಏನಿತ್ತೆಂದು ಗೋಡೆಗೆ ಕಿವಿ ಕೊಡದೆಯೂ ನನಗೆ ತಿಳಿದಿತ್ತು. ನೂಲಿನ ಸಾವುಕಾರರಲ್ಲಿ ಸಾಲ ಏರಿತ್ತು. ದೀಪಾವಳಿಯೊಳಗೆ ತೀರಿಸದಿದ್ದರೆ ಮಗ್ಗ ಬಿಚ್ಚಿಕೊಂಡು ಹೋಗುವುದಾಗಿ ಅವರು ಹೇಳಿ ಹೋಗಿದ್ದರು. ಆ ಮನೆಗೆ ಇದ್ದದ್ದು ಒಂದೇ ಮಗ್ಗ.

ಅಂಥವರ ಮುಂದೆ ನಾನು ನನ್ನ ಶಾಲೆಯ ಗೋಳು ತೋಡಿಕೊಳ್ಳುತ್ತಿದ್ದೆನಲ್ಲ… ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಶಾಲೆಯ ಹಿಂದೆ ಬಯಲಿತ್ತು, ಬಯಲಿನಾಚೆ ಗಾಡಿ ನಿಲ್ಲುವ ಜಾಗ. ದೊಡ್ಡ ಹುಡುಗಿಯರಿಗೆ ಮರೆಗೆ ಹೋಗಲು ಒಂದು ಗೋಡೆಯೂ ಇರಲಿಲ್ಲ. ಮಧ್ಯಾಹ್ನ ಮನೆಗೆ ಓಡಿದವರು ತಿರುಗಿ ಬರುತ್ತಿರಲಿಲ್ಲ. ಕೆಲವರು ಮರುದಿನವೂ ಬರುತ್ತಿರಲಿಲ್ಲ. ಅರ್ಜಿ ಬರೆದು ಬರೆದು ಸಾಕಾಗಿದೆ ಎಂದು ನಾನು ಗೊಣಗುತ್ತಿದ್ದರೆ ವೈನಿ ಕಂಡಿಕೆ ಸುತ್ತುತ್ತಲೇ ಇರುತ್ತಿದ್ದರು. ಅವರ ಮಗಳು ಆರನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಬರುವ ಮೊದಲಿನ ಮಾತು, ಕಾರಣ ಕೇಳಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮಹಿಳಾ ಮಂಡಳದವರು ಒಡಪಿನ ಸ್ಪರ್ಧೆ ಇಟ್ಟರು. ರೇಡಿಯೋದವರು ಬಂದು ರೆಕಾರ್ಡ್ ಮಾಡಿಕೊಳ್ಳುತ್ತಾರೆಂದು ಗೊತ್ತಾಗಿ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಸೇರಿತು. ಗೆದ್ದವರಿಗೆ ಐದುನೂರಾ ಒಂದು ರೂಪಾಯಿ. ಸಾಲ ತೀರಿ ಮೇಲೆ ಒಂದು ಸೀರೆಗೂ ಉಳಿಯುವಷ್ಟು ಹಣ. ವೈನಿಯ ಹೆಸರು ಬರೆಸಿದವಳು ನಾನೇ. ನಡೆಸಿಕೊಡುವವರು ಒಂದೊಂದು ವಸ್ತುವಿನ ಹೆಸರು ಕೂಗುತ್ತಿದ್ದರು. ಹತ್ತು ಎಣಿಸುವುದರೊಳಗೆ ಒಡಪು ಬರಬೇಕು, ಇಲ್ಲದಿದ್ದರೆ ಗಂಟೆ. ಗಂಟೆ ಕೇಳಿದವರು ಕೆಳಗಿಳಿಯಬೇಕು. ಪಾಪ, ಒಬ್ಬಾಕೆ ಮೈಕಿನ ಮುಂದೆ ನಿಂತು ಗಂಡನ ಹೆಸರನ್ನೇ ಮರೆತಳು.

"ಬಸ್ಸು" ಎಂದಾಗ ವೈನಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ನೇಸರಗಿ ಬಸ್ಸಿನಾಗ ನಿಲ್ಲಾಕ ಜಾಗಾ ಇಲ್ಲ,
……ಅವರ ಬಾಜೂಕ ಬ್ಯಾರೆ ಯಾರಿಗೂ ಜಾಗಾ ಇಲ್ಲ."

ಹೆಸರಿನ ಜಾಗವನ್ನು ಚುಕ್ಕಿಯಿಟ್ಟು ಬಿಟ್ಟಿದ್ದೇನೆ. ಅದನ್ನು ಹೇಳುವ ಹಕ್ಕು ಅವರದು. ಗಂಡಸರ ಸಾಲಿನಲ್ಲಿ ಅವರ ಗಂಡ ತಲೆ ತಗ್ಗಿಸಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ತಿರುವುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನೂಲಿನ ಸಾವುಕಾರರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಕೊನೆಗೆ ಉಳಿದವರು ವೈನಿ ಒಬ್ಬರೇ. ನಡೆಸಿಕೊಡುವವರು ಹಣದ ಲಕೋಟೆಯನ್ನು ಅವರ ಕೈಗಿಟ್ಟು, "ಈಗ ಈ ಬಹುಮಾನದ ಮೇಲೆ ಒಂದು ಹೇಳ್ರಿ" ಎಂದು ಬೆರಳು ಎಣಿಸತೊಡಗಿದರು. ವೈನಿ ಲಕೋಟೆ ನೋಡಿದರು, ಶಾಲೆಯ ಹಿಂದಿನ ಬಯಲು ನೋಡಿದರು. ಒಂಬತ್ತಕ್ಕೆ ಬಾಯಿ ತೆರೆದರು.

"ಹೆಣ್ಣುಮಕ್ಕಳ ಸಾಲ್ಯಾಗ ಮರೀಗಿಲ್ಲ ಒಂದು ಗ್ವಾಡಿ,
ಕೊಟ್ಟೇನಿ ಈ ರೊಕ್ಕ ಅದಕ್ಕ, ……ಅವರ ಹೆಸರ ಕೂಡಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಅಂಗಳ ಚಪ್ಪಾಳೆಯಿಂದ ತುಂಬಿತು. ನನ್ನ ಕೈ ಮಾತ್ರ ಮೇಲೇಳಲಿಲ್ಲ. ಹೆಸರು ಕೂಡಿಸಿ ಹೇಳಿಬಿಟ್ಟಿದ್ದರು, ಇನ್ನು ಆ ಹಣ ಅವರದಲ್ಲ.

ಆ ಸಂಜೆ ಅವರ ಮನೆಗೆ ಓಡಿದೆ. ಗಂಡ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಮಗ್ಗ ಹೋಗುತ್ತದಲ್ಲ, ಇದೇನು ಮಾಡಿದಿರಿ ವೈನಿ ಎಂದು ಅಳುತ್ತಲೇ ಜಗಳ ತೆಗೆದೆ.

"ಗಂಟಿ ಹೊಡದಾರು ಅಂತ ಗಡಬಡಿ ಆತ್ರಿ ಅಕ್ಕೋರ, ಬಾಯಿಗೆ ಬಂದಿದ್ದು ಅಂದೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಒಲೆಯ ಮುಂದಿದ್ದ ಮಗಳ ಕಡೆ ನೋಡಿದರು. "ಮಗ್ಗ ಎಲ್ಲ್ಯರ ಇನ್ನೊಂದು ಸಿಕ್ಕೀತು. ಇಕಿ ಗ್ವಾಡಿ ಇಲ್ಲಂತನ ಸಾಲಿ ಬಿಟ್ಟಳ್ರಿ. ಆ ಸಾಲಿ ಮತ್ತ ಸಿಕ್ಕಿತೇನು ಇಕಿಗೆ?"

ನಾನು ಗಂಡನ ಮುಖ ನೋಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಲಾಳಿಯನ್ನು ಕೈಯಲ್ಲಿ ಹಿಡಿದು ಸವರುತ್ತ, ಹೆಂಡತಿಯ ಕಡೆ ನೋಡದೆಯೇ ಹೇಳಿದರು. "ನನ್ನ ಹೆಸರು ಇಷ್ಟು ಚಂದ ಐತಿ ಅಂತ ಇವತ್ತ ಗೊತ್ತಾತು."

ದೀಪಾವಳಿ ಮುಗಿದ ಮೂರನೇ ದಿನ ಸಾವುಕಾರರ ಆಳುಗಳು ಬಂದು ಮಗ್ಗ ಬಿಚ್ಚಿದರು. ವೈನಿ ಅವರಿಗೂ ಚಹಾ ಕೊಟ್ಟರು. ಮನೆಯಲ್ಲಿ ಕುಣಿ ಮಾತ್ರ ಉಳಿಯಿತು. ಬೇರೆಯವರ ಮಗ್ಗದಲ್ಲಿ ಕೂಲಿ ನೇಯ್ದು ಬಂದ ಗಂಡ ಸಂಜೆ ಆ ಖಾಲಿ ಕುಣಿಯಲ್ಲೇ ಕಾಲಿಳಿಬಿಟ್ಟು ಕೂರುತ್ತಿದ್ದರು. ಗೋಡೆಯಾಚೆಯ ಆ ಮೌನಕ್ಕೆ ನಾನು ಹೊಂದಿಕೊಳ್ಳಲೇ ಇಲ್ಲ.

ಶಾಲೆಯ ಗೋಡೆ ಸಂಕ್ರಾಂತಿಯ ಹೊತ್ತಿಗೆ ಎದ್ದಿತು. ಹೆಸರು ಕೆತ್ತಿಸೋಣವೆಂದು ಹಿರಿಯ ಅಕ್ಕೋರು ಕೇಳಿದರೆ, "ಒಮ್ಮೆ ಹೇಳೇನಲ್ರಿ, ಸಾಕು" ಎಂದರು ವೈನಿ. ಮಧ್ಯಾಹ್ನದ ಗಂಟೆಯ ನಂತರವೂ ನನ್ನ ವರ್ಗ ತುಂಬಿರುತ್ತಿತ್ತು.

ಮುಂದಿನ ಬೇಸಿಗೆಗೆ ಅವರು ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಹೋದರು. ಬಸ್ಸಿನ ಕಿಟಕಿಯಿಂದ ಕೈ ಚಾಚಿ, "ಅಕ್ಕೋರ, ಬಾಕಿ ಮರೀಬ್ಯಾಡ್ರಿ" ಎಂದರು. ನಾನು ನಗಲು ನೋಡಿದೆ… ಆಗಲಿಲ್ಲ. ಕೆಲವು ವರ್ಷಗಳ ಮೇಲೆ ಮಗಳ ಕಾರ್ಡು ಬಂತು. ಆರನೇ ಇಯತ್ತೆಗೇ ನಿಂತುಹೋದ ದುಂಡು ಅಕ್ಷರ. ಅವ್ವ ಹೋದಳು, ಅಕ್ಕೋರಿಗೆ ತಿಳಿಸು ಅಂದಿದ್ದಳು ಎಂದಷ್ಟೇ ಇತ್ತು.

ಗೋಡೆಯೂ ಈಗ ಇಲ್ಲ. ಅದನ್ನು ಕೆಡವಿ ಹೊಸ ಕಟ್ಟಡ ಕಟ್ಟಿದ್ದಾರೆ, ಒಳ್ಳೆಯದೇ ಆಯಿತು. ನಾನು ಮದುವೆಯಾಗಲಿಲ್ಲ. ಒಡಪು ಹೇಳುವ ಪ್ರಸಂಗ ಬರಲೇ ಇಲ್ಲ.

ಮೊನ್ನೆ ಗಂಜಿನೀರು ಚೆಲ್ಲುವ ಮೊದಲು, ಈ ವಯಸ್ಸಿನಲ್ಲಿ, ಬಚ್ಚಲ ಮಣೆಯ ಮೇಲೆ ಕೂತು ಎರಡು ಸಾಲು ಕಟ್ಟಿದೆ. ಹತ್ತು ಎಣಿಸುವುದರೊಳಗೆ ಆಗಲಿಲ್ಲ, ಬಹಳ ಹೊತ್ತು ಹಿಡಿಯಿತು. ಗಂಡನ ಹೆಸರು ಬರಬೇಕಾದ ಜಾಗದಲ್ಲಿ ವೈನಿಯ ಹೆಸರಿಟ್ಟು, ಒಮ್ಮೆ ಗಟ್ಟಿಯಾಗಿ ಹೇಳಿದೆ. ಕೇಳಿಯೇ ಸಾಯುತ್ತೇನೆ ಎಂದವರು ಕೇಳಲು ಇರಲಿಲ್ಲ.